4-4 ಆಗಿದ್ದಾಗ ಎಳೆದ ವೇಪ್, ಬೈಸ್ಕೊಂಡ ಮಾರ್ಕರ್ ಹುಡುಗ

ಬೆಂಗಳೂರಿನ ಬೇರೆ ಬೇರೆ ಪಾರ್ಲರ್‌ಗಳಲ್ಲಿ ವೀಕೆಂಡ್ ಪೂಲ್ (ಟೇಬಲ್ ಮೇಲೆ ಕೋಲಿಂದ ಬಾಲ್ ಹೊಡೆಯೋ ಆಟ) ಟೂರ್ನಮೆಂಟ್ ನಡೆಸ್ತೀನಿ. ಡ್ರಾ ಹಾಕೋದು, ಟೇಬಲ್ ಕೊಡೋದು, ಫೌಲ್ ಜಗಳ ಬಿಡಿಸೋದು ಎಲ್ಲಾ ರೂಢಿಯಾಗಿದೆ, ಆದ್ರೆ ಒಂದು ಸೆಮಿಫೈನಲ್ ನೆನಪಾದ್ರೆ ಈಗ್ಲೂ ಮೈ ಉರಿಯುತ್ತೆ.

8 ಬಾಲ್, ರೇಸ್ ಟು 5, ಅಂದ್ರೆ ಮೊದಲು ಐದು ಫ್ರೇಮ್ ಗೆದ್ದವನಿಗೆ ಮ್ಯಾಚ್. ಹಿಲ್-ಹಿಲ್, ಇಬ್ರೂ 4-4, ಇದೇ ಕೊನೇ ಫ್ರೇಮ್. ಟೇಬಲ್ ನೋಡ್ಕೊಳ್ಳೋ ಮಾರ್ಕರ್ ಹುಡುಗ ಬಗ್ಗಿ ಬಾಲ್‌ಗಳನ್ನ ಟ್ರಯಾಂಗಲಲ್ಲಿ ಜೋಡಿಸಿ ರ‍್ಯಾಕ್ ಹಾಕ್ತಿದ್ದ. ಬ್ರೇಕ್, ಅಂದ್ರೆ ಮೊದಲ ಶಾಟ್, ಹೊಡೀಬೇಕಾದವನು ಪಕ್ಕದಲ್ಲೇ ನಿಂತು ಟೀ ಶರ್ಟ್ ಕಾಲರ್ ಒಳಗೆ ಮೂತಿ ತೂರಿಸಿ ವೇಪ್ (ಇ-ಸಿಗರೇಟ್) ಎಳೆದು ಬಿಟ್ಟ, ಮಾವಿನಹಣ್ಣಿನ ವಾಸನೆ ಟೇಬಲ್ ಲೈಟ್ ಕೆಳಗೆಲ್ಲಾ ಹರಡಿತು. ಹುಡುಗ "ಅಣ್ಣಾ, ಇಲ್ಲಿ ಬೇಡ, ಹೊರಗಡೆ ಹೋಗಿ" ಅಂದ, ಅಷ್ಟೇ ಅಂದಿದ್ದು. "ನೀನ್ಯಾವನೋ ನಂಗೆ ಹೇಳಕ್ಕೆ, ರ‍್ಯಾಕ್ ಹಾಕೋ ಕೆಲಸ ನೋಡ್ಕೋ" ಅಂತ ಎಲ್ಲರೆದುರು ಬೈದ. ಹುಡುಗ ಟ್ರಯಾಂಗಲ್ ಹಿಡ್ಕೊಂಡೇ ನನ್ನ ಮುಖ ನೋಡಿದ, ಯಾಕಂದ್ರೆ ಬೆಳಿಗ್ಗೆ "ಯಾರಾದ್ರೂ ಸೇದಿದ್ರೆ ನೀನೇ ಮೆಲ್ಲಗೆ ಹೇಳ್ಬಿಡು" ಅಂತ ಅವನಿಗೆ ಹೇಳಿದ್ದು ನಾನೇ.

ನಾನು ಹೋಗಿ ಮ್ಯಾಚ್ ನಿಲ್ಲಿಸಿದೆ. "ರೂಲ್ ಶೀಟಲ್ಲಿ ಸಿಗರೇಟ್ ಅಂತಿದೆ ಬಾಸ್, ವೇಪ್ ಎಲ್ಲಿದೆ ತೋರ್ಸಿ" ಅಂದ ವೇಪ್ ಎಳೆದವನು. ಶೀಟ್ ತೆಗೆದು ನೋಡಿದೆ, ಇರಲಿಲ್ಲ. ಎದುರಾಳಿ "ಹಂಗಾದ್ರೆ ಫ್ರೇಮ್ ನಂಗೆ ಕೊಡಿ" ಅಂತ ಪಟ್ಟು ಹಿಡಿದ, ಕೊಡೋಣ ಅಂದ್ರೆ ಏನು ಪೆನಾಲ್ಟಿ ಅಂತಾನೂ ಬರೆದಿಲ್ಲ. ಸುತ್ತ ನಿಂತವರು ಫೋನ್ ಎತ್ಕೊಂಡಿದ್ರು. ಕೌಂಟರ್ ಹಿಂದಿಂದ ಪಾರ್ಲರ್ ಓನರ್ ಬಿಟ್ಬಿಡಿ ಅಂತ ಕೈ ಸನ್ನೆ ಮಾಡ್ತಿದ್ರು, ವೇಪ್ ಎಳೆದವನು ದಿನಾ ಬರೋ ಗಿರಾಕಿ ನೋಡಿ. ನಾನು ಬರೀ ವಾರ್ನಿಂಗ್ ಕೊಟ್ಟು ಆಟ ಮುಂದುವರಿಸಿದೆ. ಅವನು ಬ್ರೇಕ್ ಹೊಡೆದು ಒಂದೇ ವಿಸಿಟಲ್ಲಿ, ಎದುರಾಳಿಗೆ ಸರದಿಯೇ ಕೊಡದೆ, ಟೇಬಲ್ ಕ್ಲಿಯರ್ ಮಾಡಿ ಫೈನಲ್‌ಗೆ ಹೋದ. ಚಪ್ಪಾಳೆ ಬಿತ್ತು. ಬೈಸ್ಕೊಂಡ ಹುಡುಗನಿಗೆ ಒಬ್ಬರೂ ಸಾರಿ ಹೇಳ್ಲಿಲ್ಲ.

ಪೆನಾಲ್ಟಿ ಇಲ್ಲದ ರೂಲ್ ಮಾಡಿದ್ರೆ ಅದನ್ನ ಜಾರಿ ಮಾಡೋ ಭಾರ ಹಾಲಲ್ಲಿ ಎಲ್ಲರಿಗಿಂತ ಕಮ್ಮಿ ಸಂಬಳದವನ ತಲೆ ಮೇಲೆ ಬೀಳುತ್ತೆ. ಆಟಗಾರ ಎರಡು ಗಂಟೆ ಇದ್ದು ಹೋಗ್ತಾನೆ, ಮಾರ್ಕರ್ ಬೆಳಿಗ್ಗೆಯಿಂದ ರಾತ್ರಿವರೆಗೂ ಅದೇ ಎಸಿ ಗಾಳಿ ಕುಡೀಬೇಕು.

ಕಾನೂನು ನಮ್ಮ ಕಡೆಗೇ ಇದೆ, ನಾವೇ ಬಳಸಲ್ಲ. ಸಾರ್ವಜನಿಕ ಜಾಗದಲ್ಲಿ ಸೇದೋ ಹಾಗಿಲ್ಲ ಅನ್ನೋದು ತಂಬಾಕು ನಿಯಂತ್ರಣದ 2003ರ ಕೋಟ್ಪಾ ಕಾಯ್ದೆಯಲ್ಲೇ ಇದೆ. 2008ರ ನಿಯಮದ ಪ್ರಕಾರ ಬಾಗಿಲಲ್ಲಿ ಕನಿಷ್ಠ 60 ಸೆಂಟಿಮೀಟರ್‌ಗೆ 30 ಸೆಂಟಿಮೀಟರ್ ಅಳತೆಯ, ಇಲ್ಲಿ ಸೇದಬಾರದು ಅನ್ನೋ ಬೋರ್ಡ್ ಇರ್ಬೇಕು, ಆ್ಯಶ್‌ಟ್ರೇ, ಲೈಟರ್ ಇಡಬಾರದು, ದೂರು ಬಂದ್ರೂ ಓನರ್ ಸುಮ್ನಿದ್ರೆ ಅವರಿಗೂ ದಂಡ. ನಮ್ಮ ರಾಜ್ಯದಲ್ಲಿ 200 ರೂಪಾಯಿ ಇದ್ದ ದಂಡ 2025ರಲ್ಲಿ 1000 ಆಯ್ತು. ವೇಪ್ ಮಾರಾಟವನ್ನ ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು, 2019ರಲ್ಲಿ ಆ ನಿಷೇಧ ಕಾಯ್ದೆಯಾಗಿ ಇಡೀ ದೇಶಕ್ಕೇ ಬಂತು. ಇಷ್ಟಿದ್ರೂ ಎಷ್ಟೋ ಪಾರ್ಲರಲ್ಲಿ ಕಿಟಕಿ ಪಕ್ಕ ಆ್ಯಶ್‌ಟ್ರೇ ಇರುತ್ತೆ, ಹಳೇ ಟೇಬಲ್‌ಗಳ ರೈಲ್ (ಅಂಚಿನ ಮರ) ಮೇಲೆ ಸಿಗರೇಟ್ ಇಟ್ಟು ಶಾಟ್ ಹೊಡೆದವರ ಕಂದು ಬಣ್ಣದ ಸುಟ್ಟ ಗೆರೆಗಳು ಸಾಲಾಗಿ ಕಾಣುತ್ತವೆ.

ಈಗ ನನ್ನ ಶೀಟಲ್ಲಿ ಸಿಗರೇಟ್, ಬೀಡಿ, ವೇಪ್ ಮೂರೂ ಹೆಸರು ಹಾಕಿದೀನಿ. ಮೊದಲ ಸಲ ವಾರ್ನಿಂಗ್, ಎರಡನೇ ಸಲ ಫ್ರೇಮ್ ಹೋಯ್ತು, ಮೂರನೇ ಸಲ ವಾಕೋವರ್, ಮ್ಯಾಚೇ ಎದುರಾಳಿಗೆ. ಪ್ಲೇಯರ್ಸ್ ಮೀಟಿಂಗಲ್ಲಿ ಮೊದಲ ಬ್ರೇಕ್‌ಗೆ ಮುಂಚೆ ಓದಿ ಹೇಳಿ ಸೈನ್ ಹಾಕಿಸ್ಕೊತೀನಿ. ಸೇದಲೇಬೇಕು ಅನ್ನೋರು ತಮ್ಮ ಐದು ನಿಮಿಷದ ಟೈಮ್‌ಔಟ್ ತಗೊಂಡು ಕೆಳಗೆ ರಸ್ತೆಗೆ ಹೋಗಲಿ. ಬಾಲ್ಕನಿ ಬೇಡ್ವೇ ಬೇಡ, ಗಾಜಿನ ಬಾಗಿಲು ಒಂದು ಚೂರು ಸರಿದಿದ್ರೂ ಹೊಗೆ ಒಳಗೇ ಬರುತ್ತೆ. ವೇಪ್ ಎಲ್ಲಾ ಕೌಂಟರಲ್ಲಿ ಇಸ್ಕೊಂಡು ಟೋಕನ್ ಕೊಡೋಣ ಅಂತ ಒಬ್ರು ಐಡಿಯಾ ಕೊಟ್ರು, ದಯವಿಟ್ಟು ಹಾಗೆ ಮಾಡ್ಬೇಡಿ, ತನ್ನ ಜಾಗದಲ್ಲಿ ಇ-ಸಿಗರೇಟ್ ಸ್ಟಾಕ್ ಇಡಕ್ಕೆ ಬಿಟ್ಟ ಅಂತ ಆ 2019ರ ಕಾಯ್ದೆಯಲ್ಲೇ ಓನರ್ ಸಿಕ್ಕಾಕೊಳ್ಳಬಹುದು. ಮತ್ತೆ ಮಾರ್ಕರ್ ಯಾರಿಗೂ ಏನೂ ಹೇಳೋ ಹಾಗಿಲ್ಲ, ಕೈ ಎತ್ತಿದ್ರೆ ಸಾಕು, ಮಾತಾಡೋದು ನಾನು.

ಇದಕ್ಕೆ ಒಪ್ಪದ ಓನರ್‌ಗಳು ಇನ್ನೂ ಇದಾರೆ, ಗಿರಾಕಿ ಪಕ್ಕದ ಪಾರ್ಲರ್‌ಗೆ ಹೋಗ್ತಾರೆ ಅಂತಾರೆ. ಹೋಗಲಿ. ಆ್ಯಶ್‌ಟ್ರೇ ಎತ್ತಿಸದ ಕಡೆ ನಾನು ಡ್ರಾ ಹಾಕಲ್ಲ.