ಅಪ್ಪ ಮತ್ತು 5112ನೇ ಎಂಜಿನ್

ಸಿಡ್ನಿಯಿಂದ ಬ್ಲೂ ಮೌಂಟನ್ಸ್ ದಾಟಿ ಬಾಥರ್ಸ್ಟ್ ತಲುಪುವಷ್ಟರಲ್ಲಿ ಅಪ್ಪ ಸುಸ್ತಾಗಿದ್ದರು. ಆದರೆ 5112 ಎಂದು ಬರೆದಿದ್ದ ಕಪ್ಪು ಉಗಿ ಎಂಜಿನ್ ಕಂಡದ್ದೇ ತಡ, ಊರುಗೋಲನ್ನು ನನ್ನ ಕೈಗೆ ಕೊಟ್ಟು ನಡೆದೇಬಿಟ್ಟರು. ಅರಸೀಕೆರೆ ಲೋಕೋ ಶೆಡ್ಡಿನಲ್ಲಿ, ಎಂಜಿನ್ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ಸೇರಿ ಡ್ರೈವರ್ ಆದವರು ಅವರು. ಕನೆಕ್ಟಿಂಗ್ ರಾಡನ್ನು ಅಂಗೈಯಿಂದ ಸವರುತ್ತಾ, "ಇದನ್ನು ಓಡಿಸಿದವರು ಪ್ರಧಾನಿಯಾದರೇನಮ್ಮಾ?" ಎಂದು ಮತ್ತೊಮ್ಮೆ ಕೇಳಿದರು.

ಆದರು. ಬೆನ್ ಚಿಫ್ಲಿ 1885ರಲ್ಲಿ ಈ ಊರಿನಲ್ಲೇ ಹುಟ್ಟಿ, ಅಜ್ಜನ ಹೊಲಮನೆಯಲ್ಲಿ ಬೆಳೆದವರು. 1903ರಲ್ಲಿ ರೈಲ್ವೆ ಸೇರಿ, ರಾತ್ರಿ ತರಗತಿಗಳಲ್ಲಿ ಓದಿ ಎಂಜಿನ್ ಡ್ರೈವರ್ ಆದರು. 1917ರ ಮುಷ್ಕರದಲ್ಲಿ ಕೆಲಸ ಹೋಯಿತು. ಮರಳಿ ಸೇರಿಸಿಕೊಂಡಾಗ ದರ್ಜೆ ಇಳಿಸಿದರು. ನಾನು ಇದನ್ನು ಹೇಳುವಾಗ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. 1974ರ ರೈಲ್ವೆ ಮುಷ್ಕರದ ಇಪ್ಪತ್ತು ದಿನ ನಮ್ಮ ಮನೆಯಲ್ಲಿ ಬರೀ ಗಂಜಿ ಬೇಯುತ್ತಿತ್ತು.

1928ರಲ್ಲಿ ಮಕ್ವಾರಿ ಕ್ಷೇತ್ರದಿಂದ ಫೆಡರಲ್ ಸಂಸತ್ತಿಗೆ ಹೋದ ಚಿಫ್ಲಿ 1945ರಿಂದ 1949ರವರೆಗೆ ಆಸ್ಟ್ರೇಲಿಯಾದ ಪ್ರಧಾನಿ. ಬಸ್ಬಿ ಬೀದಿಯಲ್ಲಿರುವ ಅವರ ಮನೆ ಈಗ ವಸ್ತುಸಂಗ್ರಹಾಲಯ. ಪಕ್ಕದ ಮನೆಗೆ ಗೋಡೆ ಹಂಚಿಕೊಂಡ ಪುಟ್ಟ ಮನೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ಅಪ್ಪ, "ನಮ್ಮ ಕ್ವಾರ್ಟರ್ಸಿಗಿಂತ ಎರಡು ಹೆಜ್ಜೆ ದೊಡ್ಡದು, ಅಷ್ಟೇ" ಎಂದರು. ಪ್ರಧಾನಿಯಾದ ಮೇಲೂ ಪತ್ನಿ ಎಲಿಜಬೆತ್ ಇಲ್ಲೇ ಇದ್ದರು. ಕ್ಯಾನ್‌ಬೆರಾದಲ್ಲಿ ಚಿಫ್ಲಿ ಅಧಿಕೃತ ನಿವಾಸ ಬಿಟ್ಟು ಕುರ್ರಾಜಾಂಗ್ ಹೋಟೆಲಿನ ಕೋಣೆಯೊಂದರಲ್ಲಿ ಉಳಿಯುತ್ತಿದ್ದರು. 1951ರ ಜೂನ್ 13ರ ರಾತ್ರಿ ಹೃದಯಾಘಾತವಾದದ್ದೂ ಅಲ್ಲೇ.

ವಾಪಸು ಬರುವಾಗ ಉಳಿದದ್ದನ್ನೂ ಹೇಳಿದೆ. ಹೇಳದಿದ್ದರೆ ಅಪ್ಪನಿಗೆ ಮೋಸ ಮಾಡಿದಂತಾಗುತ್ತಿತ್ತು. 1949ರ ಚಳಿಗಾಲದಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಊರೂರು ಕತ್ತಲಾಯಿತು, ಕಾರ್ಖಾನೆಗಳು ನಿಂತವು. ಆಗ ಗಣಿಗೆ ಸೈನಿಕರನ್ನು ಇಳಿಸಿ ಕಲ್ಲಿದ್ದಲು ತೆಗೆಸಿದ್ದು ಇದೇ ಚಿಫ್ಲಿ. ಅವರನ್ನು ಬಹಳ ಗೌರವಿಸುವ ನನಗೆ ಇದೊಂದು ಇವತ್ತಿಗೂ ನುಂಗಲಾಗದ ತುತ್ತು.

"ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರೇ?"

"ಹೌದಪ್ಪಾ, ಅವರೇ."

ಅಪ್ಪ ಮತ್ತೆ ಮಾತಾಡಲಿಲ್ಲ. ಕಲ್ಲಿದ್ದಲಿನ ಊರು ಲಿತ್ಗೋ ಬಂದಾಗ ಕಾರಿನ ಗಾಜು ಇಳಿಸಿ, ಕತ್ತಲು ಕವಿಯುತ್ತಿದ್ದ ಬೆಟ್ಟಗಳ ಕಡೆ ಬಹಳ ಹೊತ್ತು ನೋಡಿದರು.