ಎಲ್ಲಾ ಅದರೊಳಗೇ ಐತಲ್ಲ, ಇನ್ನೇನು ಕಷ್ಟ?

ಜ್ಞಾನಕೋಶ ಅಂದರೆ ಯಂತ್ರ ಓದುವಂತೆ ಬರೆದಿಟ್ಟ ಸಂಗತಿಗಳ ರಾಶಿ. ಅದರ ಮೇಲೆ ತರ್ಕ ಓಡಿಸಿ ಹೊಸ ಸಂಗತಿ ಹೊರಡಿಸುವ ತಂತ್ರಾಂಶ ನನ್ನ ಕೆಲಸ ಅಂದಾಗಲೆಲ್ಲ ಊರಲ್ಲಿ ಕೇಳುವುದು ಒಂದೇ ಪ್ರಶ್ನೆ. ಕೋಲಾರದ ಮಂಡಿಗೆ ಟೊಮೆಟೊ ಹಾಕುವ ನಮ್ಮ ಸೋದರಮಾವ ಹೋದ ಹಬ್ಬದಲ್ಲೂ ಕೇಳಿದರು: "ಎಲ್ಲಾ ವಿಷಯಾನೂ ಇಂಟರ್ನೆಟ್ಟಲ್ಲಿ ಐತಲ್ಲಮ್ಮ, ಕೂಡಿಸಿ ಹೇಳೋಕೆ ಆ ಮಿಷನ್ನಿಗೆ ಏನು ದಾಡಿ?"

ಕೂಡಿಸುವುದೇನೋ ಸಲೀಸು. ಮುದ್ದೇನಹಳ್ಳಿ ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿದೆ, ತಾಲ್ಲೂಕು ಜಿಲ್ಲೆಯಲ್ಲಿ, ಜಿಲ್ಲೆ ಕರ್ನಾಟಕದಲ್ಲಿ, ಕರ್ನಾಟಕ ಭಾರತದಲ್ಲಿ. ಬರೆದಿಟ್ಟದ್ದು ನಾಲ್ಕು ಸಂಗತಿ. ಒಳಗಿನದರ ಒಳಗಿರುವುದೂ ಒಳಗೇ ಎಂಬ ಒಂದು ನಿಯಮ ಕೊಟ್ಟರೆ ಇನ್ನೂ ಆರು ಹುಟ್ಟುತ್ತವೆ. ಯಾರು ಬೇಕಾದರೂ ತಿದ್ದಬಹುದಾದ ಇಂಥದೇ ಒಂದು ಜ್ಞಾನಕೋಶ, 2012ರಲ್ಲಿ ಶುರುವಾದ ವಿಕಿಡೇಟಾದಲ್ಲಿ ಈಗ 10 ಕೋಟಿಗೂ ಹೆಚ್ಚು ವಸ್ತು-ವ್ಯಕ್ತಿ-ಊರುಗಳಿವೆ. ಹುಟ್ಟುವ ಸಂತಾನ ಎಷ್ಟಾದೀತು, ನೀವೇ ಅಂದಾಜು ಮಾಡಿ.

ಆದರೂ ಗಾತ್ರಕ್ಕೆ ಮದ್ದಿದೆ. ಮಾವನಿಗೆ ಮಂಡಿಯ ಲೆಕ್ಕದಲ್ಲೇ ಹೇಳಿದೆ: ಹಣ್ಣು ಆರಿಸುವ ನಿಯಮ ನಾಲ್ಕೈದೇ, ಬಾಕ್ಸು ಸಾವಿರಾರು. ನಿಯಮ ಎಲ್ಲ ಆಳಿಗೂ ಬಾಯಿಪಾಠವಿದ್ದರೆ ಬಾಕ್ಸು ಹಂಚಿಬಿಟ್ಟರೆ ಆಯಿತು, ಒಬ್ಬರನ್ನೊಬ್ಬರು ಕೇಳುವ ಗೋಜಿಲ್ಲ. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ವೆಬ್‌ಪೈ ಎಂಬ ವ್ಯವಸ್ಥೆಯಲ್ಲಿ, ಆಳುಗಳ ಬದಲು ಕಂಪ್ಯೂಟರುಗಳಿಗೆ ಹಂಚಿ, ಹೆಚ್ಚುಕಡಿಮೆ ಇದನ್ನೇ ಮಾಡಿ, 2010ರಲ್ಲಿ 10,000 ಕೋಟಿ ಸಂಗತಿಗಳ ಮೇಲೆ ತರ್ಕ ಓಡಿಸಿ ತೋರಿಸಿದರು. (ಆ ರಾಶಿ ಪರೀಕ್ಷೆಗೆಂದೇ ತಯಾರಿಸಿದ ದತ್ತಾಂಶ. ಊರ ಹಣ್ಣಿನಲ್ಲಿರುವಷ್ಟು ಕೊಳೆತದ್ದು ಅದರಲ್ಲಿರಲಿಲ್ಲ.)

ನನ್ನ ನಿದ್ದೆ ಕೆಡಿಸುವುದು ಈ ಕೊಳೆತದ್ದೇ. ಕೋಲಾರ ಅಂದರೆ ಒಂದು ಪಟ್ಟಣ, ಒಂದು ತಾಲ್ಲೂಕು, ಒಂದು ಜಿಲ್ಲೆ, ಒಂದು ಲೋಕಸಭಾ ಕ್ಷೇತ್ರ. ಯಾರೋ ಒಬ್ಬರು ಪಟ್ಟಣವೂ ಜಿಲ್ಲೆಯೂ ಒಂದೇ ಎಂದು ಬರೆದುಬಿಟ್ಟರೆ, ಕೆಜಿಎಫ್ ಕೋಲಾರ ಪಟ್ಟಣದೊಳಗೆ ಬಂದು ಕೂರುತ್ತದೆ, ಅದರ ಹಿಂದೆ ಮಾಲೂರು, ಮುಳಬಾಗಿಲು. ಯಂತ್ರದ ತರ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ! ಆಮೇಲೆ ಆ ಒಂದು ಸಾಲು ಅಳಿಸಿದರೆ ಸಾಲದು. ಅದರಿಂದ ಹುಟ್ಟಿದ್ದನ್ನೆಲ್ಲ ಹುಡುಕಿ ಕೀಳಬೇಕು, ಬೇರೆ ಸರಿಯಾದ ದಾರಿಯಿಂದಲೂ ಬಂದದ್ದನ್ನು ಮಾತ್ರ ಬಿಡಬೇಕು. ಪಾರ್ಥೇನಿಯಂ ಕಿತ್ತವರಿಗೆ ಈ ಪಾಡು ಗೊತ್ತು.

ಹಾಗಾದರೆ ಏನನ್ನೂ ಮೊದಲೇ ಹುಟ್ಟಿಸಿಡದೆ, ಕೇಳಿದಾಗ ಮಾತ್ರ ತರ್ಕಿಸಬಹುದಲ್ಲ? ಬಹುದು. ಅಳಿಸುವ ತಲೆನೋವು ತಪ್ಪುತ್ತದೆ, ಉತ್ತರಕ್ಕೆ ಕಾಯಬೇಕಾಗುತ್ತದೆ. ನನಗಂತೂ ಎರಡನ್ನೂ ಬೆರೆಸುವುದೇ ವಾಸಿ ಅನ್ನಿಸಿದೆ.

ಇನ್ನೊಂದು ಪೇಚು ಕಾಲದ್ದು. ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿ ಯಾವ ಜಿಲ್ಲೆ? ಹಳೆಯ ಪುಸ್ತಕ ಕೋಲಾರ ಅನ್ನುತ್ತದೆ, ಹೊಸದು ಚಿಕ್ಕಬಳ್ಳಾಪುರ. 2007ರಲ್ಲಿ ಜಿಲ್ಲೆ ಒಡೆಯಿತು, ಎರಡೂ ಸುಳ್ಳಲ್ಲ. ಆದರೆ ತಾರೀಖಿಲ್ಲದೆ ಎರಡನ್ನೂ ಪಕ್ಕಪಕ್ಕ ಇಟ್ಟು, 'ಒಂದು ಹಳ್ಳಿಗೆ ಒಂದೇ ಜಿಲ್ಲೆ' ಎಂಬ ನಿಯಮವನ್ನೂ ಕೊಟ್ಟರೆ ವಿರೋಧಾಭಾಸ. ಶಾಸ್ತ್ರೀಯ ತರ್ಕದಲ್ಲಿ ವಿರೋಧಾಭಾಸ ಒಂದು ಸಿಕ್ಕರೆ ಏನನ್ನು ಬೇಕಾದರೂ ಸಾಧಿಸಬಹುದು, ನಂದಿಬೆಟ್ಟ ತುಮಕೂರಲ್ಲಿದೆ ಅಂತಲೂ. ವಿಕಿಡೇಟಾದಲ್ಲಿ ಸಂಗತಿಗೆ 'ಇಂಥ ದಿನದಿಂದ, ಇಂಥ ದಿನದವರೆಗೆ' ಎಂದು ಚೀಟಿ ಅಂಟಿಸಬಹುದು. ಅಂಟಿಸಿದರೆ ನಿಯಮಗಳೂ ಆ ಚೀಟಿ ಓದಬೇಕು, ಲೆಕ್ಕ ಮತ್ತಷ್ಟು ಭಾರವಾಗುತ್ತದೆ. ನಾನೀಗ ಕೂತಿರುವುದು ಅಲ್ಲೇ.

ಮಾವ ಎಲ್ಲ ಕೇಳಿ, "ಅಂದ್ರೆ ವಿಶ್ವೇಶ್ವರಯ್ಯನೋರು ನಮ್ಮ ಜಿಲ್ಲೆಯೋರೇ ಅನ್ನು" ಅಂದರು. 2007ರವರೆಗೆ ಅಂದೆ. ಅವರು ಒಪ್ಪಲಿಲ್ಲ.