ಓಲ್ಡ್ ಫ್ಯಾಷನ್ಡ್: ಮೊದಲು ಸಕ್ಕರೆ ಕರಗಲಿ

ಓಲ್ಡ್ ಫ್ಯಾಷನ್ಡ್ ಎಂಬ ವಿಸ್ಕಿ ಕಾಕ್‌ಟೇಲ್ ಕೆಡುವುದು ಹೆಚ್ಚಾಗಿ ಸಕ್ಕರೆಯಿಂದಲೇ. ವಿಸ್ಕಿಯಲ್ಲಿ ಅದು ಸರಿಯಾಗಿ ಕರಗುವುದಿಲ್ಲ. ಕೊನೆಯ ಗುಟುಕಿಗೆ ತಳದ ಹರಳು ಕರಕರ ಎನ್ನುತ್ತದೆ. ಒಂದು ಟೀ ಚಮಚ ಸಕ್ಕರೆಗೆ ಅಷ್ಟೇ ನೀರು ಹಾಕಿ, ಅಂಗೊಸ್ಟುರಾ ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ) ಎರಡು ಸಲ ಕೊಡವಿ, ಪೂರ್ತಿ ಕರಗುವ ತನಕ ಅರೆಯಿರಿ. ಆಮೇಲೆ 60 ಮಿಲಿ ಬೂರ್ಬನ್ (ಮೆಕ್ಕೆಜೋಳದ ಅಮೆರಿಕನ್ ವಿಸ್ಕಿ).

ಐಸ್ ದೊಡ್ಡ ಗಟ್ಟಿಯೇ ಬೇಕು. ಸಣ್ಣ ತುಂಡುಗಳು ಬೇಗ ಕರಗಿ ನೀರುನೀರಾಗುತ್ತದೆ. ಸಣ್ಣ ಸ್ಟೀಲ್ ಬಟ್ಟಲಲ್ಲಿ ರಾತ್ರಿ ನೀರಿಟ್ಟರೆ ಆಯಿತು. 30 ಸೆಕೆಂಡು ಕಲಕಿ. ಕುಲುಕಿದರೆ ಗಾಳಿ ಸೇರಿ ಮಬ್ಬಾಗುತ್ತದೆ.

ಕಿತ್ತಳೆ ಸಿಪ್ಪೆಯನ್ನು ತೆಳ್ಳಗೆ ಹೆರೆಯಿರಿ, ಒಳಗಿನ ಬಿಳಿ ಪದರ ಕಹಿ. (ಕೊಡಗಿನ ಕಿತ್ತಳೆಯದ್ದು ಸಡಿಲ ಸಿಪ್ಪೆ, ಹೆರೆಯಲು ಒದ್ದಾಟ.) ಹೊರಬದಿ ಗ್ಲಾಸಿನತ್ತ ಮಾಡಿ ಹಿಂಡಿದರೆ ಎಣ್ಣೆ ಸಿಡಿದು ಮೇಲೆ ಮಿನುಗುತ್ತದೆ. ಚೆರ್ರಿ? ನನ್ನ ಮಟ್ಟಿಗೆ ಬೇಡ.